ಮಾವನ ಕಲ್ಲು, ನೀಲಿ ನೀರು

ನಮ್ಮ ಓಣಿ, ಹದಿನೇಳನೇ ಮನೆ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ಮಂಡಿನೋವು ಹೇಗಿದೆ? ಎಡಗಾಲಿನದನ್ನು ಕೇಳುತ್ತಿದ್ದೇನೆ. ಬಲಗಾಲು ಎಷ್ಟು ಚೆನ್ನಾಗಿದೆ ಎಂದು ಹೇಳಿ ಎಡಗಾಲಿನ ಮಾತು ಮರೆಸುವ ನಿಮ್ಮ ವಿದ್ಯೆ ನನಗೆ ಗೊತ್ತು. ಡಾಕ್ಟರು ಕೊಟ್ಟ ಮುಲಾಮನ್ನು ದಿನಾ ಹಚ್ಚುತ್ತೀರೋ, ಡಬ್ಬಿಯನ್ನು ಕಿಟಕಿಯಲ್ಲಿಟ್ಟು ಅದರ ಮುಖ ನೋಡಿದರೇ ವಾಸಿಯಾಗುತ್ತದೆಂದು ಕೂತಿದ್ದೀರೋ? ಕೆಮ್ಮು ನಿಂತಿದೆ ಎಂದು ನಾದಿನಿ ಹೇಳಿದಳು. ಕನ್ನಡಕದ ಮುರಿದ ಕಾಲಿಗೆ ದಾರ ಸುತ್ತಿಕೊಂಡಿದ್ದೀರಂತೆ, ಅದನ್ನೂ ಹೇಳಿದಳು. ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಮಗ ಮೂರು ಕೆಜಿ ಇಳಿದಿದ್ದಾರೆ, ಗಾಬರಿಯಾಗಬೇಡಿ, ಗುದ್ದಲಿ ಹಿಡಿದು ಇಳಿದದ್ದು. ಮೊಮ್ಮಗಳು ನಿಮ್ಮ ಮಂಚದ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಾಳೆ, ಮೊಮ್ಮಗ ಅದೇ ಮಂಚದ ಕೆಳಗೆ ಚೆಂಡು ಹುಡುಕುತ್ತಾನೆ. ನಾನು ಹೇಗಿದ್ದೇನೆಂದು ನೀವು ಕೇಳುವುದಿಲ್ಲ, ಆದರೂ ಹೇಳುತ್ತೇನೆ: ಚೆನ್ನಾಗಿದ್ದೇನೆ, ಬಾಯಿ ಎಂದಿನಂತೆ ಗಟ್ಟಿಯಾಗಿದೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ, ಇವಳು ಕಾಗದ ಯಾಕೆ ಬರೆದಳು ಎಂದುಕೊಳ್ಳುತ್ತೀರಿ. ಫೋನಿನಲ್ಲಿ ನಿಮ್ಮ ಹತ್ತಿರ ಮಾತಾಡುವ ಕಷ್ಟ ನಮಗೇ ಗೊತ್ತು. ಊಟ ಆಯಿತಾ ಎಂದರೆ ಕಿವಿ ಚುರುಕಾಗಿರುತ್ತದೆ. "ಯಾವಾಗ ಬರ್ತೀರಿ ಅತ್ತೆ" ಎಂದ ತಕ್ಷಣ "ಏನೂ ಕೇಳಿಸ್ತಾ ಇಲ್ಲ, ಇಲ್ಲಿ ಗಾಳಿ ಜಾಸ್ತಿ" ಎಂದು ಫೋನನ್ನು ನಾದಿನಿಯ ಕೈಗೆ ದಾಟಿಸಿಬಿಡುತ್ತೀರಿ. ಕಾಗದಕ್ಕೆ ಗಾಳಿಯ ಕಾಟವಿಲ್ಲ. ಜೊತೆಗೆ, ನಾನು ಒಂದು ತಪ್ಪು ಮಾಡಿದ್ದೇನೆ. ಅದನ್ನು ನಿಮಗೆ ಎದುರಿಗೆ ಹೇಳುವ ಧೈರ್ಯ ನನಗಿಲ್ಲ. ಬರೆದರೆ ನೀವು ಅರ್ಧ ಓದಿ ಬೈದು, ಉಳಿದರ್ಧ ಓದುವಷ್ಟರಲ್ಲಿ ತಣ್ಣಗಾಗುತ್ತೀರೆಂದು ಒಂದು ಆಸೆ. ಆದ್ದರಿಂದ ದಯವಿಟ್ಟು ಕೊನೆಯ ಸಾಲಿನವರೆಗೂ ಓದಿ. ಲಕೋಟೆಯನ್ನು ಕಿಟಕಿಯಿಂದ ಆಚೆ ಎಸೆಯಬೇಡಿ, ಒಳಗೆ ಇನ್ನೂ ಒಂದು ವಸ್ತು ಇದೆ.

ಮೊದಲು ಆ ಬೆಳಗಿನ ಮಾತನ್ನು ಆಡಿಬಿಡುತ್ತೇನೆ. ಹದಿನಾಲ್ಕು ತಿಂಗಳಿಂದ ನೀವೂ ಆಡಿಲ್ಲ, ನಾನೂ ಆಡಿಲ್ಲ. ಓಣಿಯ ಕೆಳತುದಿಯ ಸಾರ್ವಜನಿಕ ಕಕ್ಕಸಿಗೆ ಮೂವತ್ತೆರಡು ಮನೆಯವರು ಸಾಲು ನಿಲ್ಲುವ ಹೊತ್ತು. ನೀವು ಚೊಂಬು ಹಿಡಿದು ಹೊರಟಿರಿ. "ನೀನೂ ಬಾರೇ, ಕತ್ತಲೆ ಇನ್ನೂ ಹರಿದಿಲ್ಲ" ಎಂದಿರಿ. "ಒಲೆ ಮೇಲೆ ಹಾಲಿದೆ ಅತ್ತೆ, ನೀವು ಹೋಗ್ತಾ ಇರಿ" ಎಂದೆ. ಆ ಹಾಲು ಉಕ್ಕಿ ಹೋಗಿದ್ದರೆ ಏನಾಗುತ್ತಿತ್ತು? ಒಂದು ದಿನ ಕಪ್ಪು ಚಹಾ ಕುಡಿಯುತ್ತಿದ್ದೆವು, ಅಷ್ಟೇ. ನೀವು ಆ ಕಕ್ಕಸಿನ ಮೆಟ್ಟಿಲ ಹತ್ತಿರ ಜಾರಿ ಬಿದ್ದಿರಿ. ಎದ್ದೇಳಲಾಗದೆ, ಸಾಲಿನಲ್ಲಿದ್ದವರೆಲ್ಲರ ಕಣ್ಣೆದುರಿಗೆ, ಬಟ್ಟೆ ಒದ್ದೆ ಮಾಡಿಕೊಂಡು ಕೂತಿದ್ದಿರಿ. ನಾನು ಓಡಿ ಬಂದಾಗ ನನ್ನ ಮುಖ ನೋಡಲಿಲ್ಲ. ಒಂದು ಮಾತು ಬೈದಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಬೈಯಲಿಲ್ಲ. ಮಂಡಿಯ ಊತ ಇಳಿದ ಮೇಲೆ ಟ್ರಂಕು ಕಟ್ಟಿ "ಮಗಳ ಮನೇಲಿ ಎಂಟು ದಿನ ಇದ್ದು ಬರ್ತೀನಿ" ಎಂದು ಆಟೋ ಹತ್ತಿದಿರಿ. ಎಂಟು ದಿನಕ್ಕೆ ಯಾರಾದರೂ ಚಳಿಗಾಲದ ರಗ್ಗನ್ನೂ ಮಳೆಗಾಲದ ಕೊಡೆಯನ್ನೂ ತೆಗೆದುಕೊಂಡು ಹೋಗುತ್ತಾರೆಯೇ? ಅವಳ ಮನೆಯಲ್ಲಿ ಕಕ್ಕಸು ಒಳಗೇ ಇದೆ, ನಮ್ಮಲ್ಲಿ ಇಲ್ಲ, ವಿಷಯ ಅಷ್ಟೇ ಎಂದು ನಮಗೂ ಅರ್ಥವಾಯಿತು. ಆಟೋ ಹೊರಡುವಾಗ ನನಗೆ ಒಂದೇ ಮಾತು ಹೇಳಿದಿರಿ: "ಕಲ್ಲನ್ನ ನೋಡ್ಕೋ."

ಆ ಕಲ್ಲಿನ ವಿಷಯಕ್ಕೇ ಬರುತ್ತೇನೆ, ಸ್ವಲ್ಪ ತಾಳಿ.

ನೀವು ಹೋದ ಮೇಲೆ ಆರು ತಿಂಗಳಿಗೆ ಟೈಲರ್ ಅಕ್ಕನ ತಲೆಯಲ್ಲಿ ಒಂದು ಹುಳು ಹೊಕ್ಕಿತು. ನಾವು ನಾಲ್ಕು ಜನ ಒಳಚರಂಡಿ ಕಚೇರಿಗೆ ಹೋಗಿ ಎಷ್ಟು ಸಲ ಬರಿಗೈಲಿ ವಾಪಸು ಬಂದಿದ್ದೇವೆಂದು ನಿಮಗೆ ಗೊತ್ತಲ್ಲ, "ಓಣಿ ಕಿರಿದು, ಯಂತ್ರ ಒಳಗೆ ಬರಲ್ಲ" ಎನ್ನುವುದು ಅವರ ಉತ್ತರ. ಈ ಸಲ ಟೈಲರ್ ಅಕ್ಕ ಕುತ್ತಿಗೆಗೆ ಟೇಪು ಹಾಕಿಕೊಂಡೇ ಹೋಗಿ, "ಯಂತ್ರ ಬರಲ್ಲ, ಸರಿ. ನಾವು ಬರ್ತೀವಲ್ಲ. ಅಗೆಯೋದು ನಾವು, ಪೈಪು ಹೂಳೋದು ನಾವು. ದೊಡ್ಡ ರಸ್ತೆಯ ಪೈಪಿಗೆ ಸೇರಿಸಿಕೊಡೋದಷ್ಟು ನಿಮ್ಮ ಕೆಲಸ. ಬರೆದುಕೊಡಿ" ಎಂದಳಂತೆ. ಅಲ್ಲಿ ಹೊಸದಾಗಿ ಬಂದಿರುವ ಇಂಜಿನಿಯರಮ್ಮ, ನೋಡಿದರೆ ಇನ್ನೂ ಕಾಲೇಜು ಹುಡುಗಿಯ ಹಾಗಿರುವವಳು, ನಿಜವಾಗಿಯೂ ಬರೆದುಕೊಟ್ಟಳು. ಪೈಪು ಕಚೇರಿಯದು, ಕೈ ನಮ್ಮದು, ಹೂತ ಮೇಲೆ ನೀರು ಬಿಟ್ಟು ಅವಳು ಪರೀಕ್ಷೆ ಮಾಡುತ್ತಾಳೆ, ಸರಿಯಿದ್ದರೆ ಜೋಡಣೆ. ಆ ಕಾಗದವನ್ನು ಟೈಲರ್ ಅಕ್ಕ ಅಂಗಡಿಯ ಕನ್ನಡಿಗೆ ಅಂಟಿಸಿದಳು. ಬಟ್ಟೆ ಅಳತೆ ಕೊಡಲು ಬಂದವರೆಲ್ಲ ತಮ್ಮ ಮುಖದ ಬದಲು ಅದನ್ನೇ ನೋಡಬೇಕಾಯಿತು.

ನಂಬುತ್ತೀರಾ ಅತ್ತೆ, ಮೂವತ್ತೆರಡು ಮನೆಯಿಂದಲೂ ದಿನಕ್ಕೊಬ್ಬರು, ಸಂಜೆ ಎರಡೆರಡು ಗಂಟೆ ಕೆಲಸ. ಭಾನುವಾರ ಇಡೀ ದಿನ, ಎಲ್ಲರೂ. ನಲ್ಲಿಯ ಹತ್ತಿರ ಒಂದು ಕೊಡಕ್ಕಾಗಿ ಜುಟ್ಟು ಹಿಡಿದುಕೊಂಡವರು ಒಂದೇ ಬುಟ್ಟಿಯ ಎರಡು ಕಿವಿ ಹಿಡಿದು ಮಣ್ಣು ಹೊತ್ತರು. ಮಾವನ ಕೈಕೆಳಗೆ ಕೆಲಸ ಕಲಿತ ಮೇಸ್ತ್ರಿ, ಈಗ ಅವರಿಗೂ ಸೊಂಟ ಬಾಗಿದೆ, ಒಂದು ಸ್ಟೂಲು ಹಾಕಿಕೊಂಡು ಕೂತು ವಾಟ ಹೇಳುತ್ತಿದ್ದರು. ವಾಟವೆಂದರೆ ಏನೆಂದು ನಿಮಗೆ ಹೇಳಬೇಕಿಲ್ಲ, ಮಾವ ಊಟದ ತಟ್ಟೆ ಇಟ್ಟರೂ "ಸಾರು ಈ ಕಡೆ ಹರೀತಿದೆ, ವಾಟ ಸರಿಯಿಲ್ಲ" ಎನ್ನುತ್ತಿದ್ದರಲ್ಲ. ನೀರು ತಾನಾಗಿಯೇ ಇಳಿದು ಹೋಗುವಂತೆ ಪೈಪನ್ನು ಓರೆಯಾಗಿ ಇಡುವುದು. ಹತ್ತು ಅಡಿಗೆ ಒಂದೂಕಾಲು ಅಂಗುಲ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ರಿಟೈರಾದ ಕಂಡಕ್ಟರ್ ಅಣ್ಣನಿಗೆ ಜನರನ್ನು ನಿಭಾಯಿಸುವ ಕೆಲಸ. ಹಳೆಯ ಸೀಟಿ ಹುಡುಕಿ ತೆಗೆದು ಕುತ್ತಿಗೆಗೆ ಹಾಕಿಕೊಂಡು, "ಮುಂದೆ ಹೋಗಿ, ಮುಂದೆ ಹೋಗಿ, ಮಧ್ಯೆ ಜಾಗ ಇದೆ" ಎಂದು ಬುಟ್ಟಿ ಹೊತ್ತವರನ್ನು ಓಡಿಸುತ್ತಿದ್ದರು. ಸೀಟಿ ಎರಡು ಸಲ ಊದಿದರೆ ಬುಟ್ಟಿ ಹೊರಡಬೇಕು, ಒಂದು ಸಲ ಊದಿದರೆ ನಿಲ್ಲಬೇಕು. ನಿಮ್ಮ ಮಗ ಮೊದಲ ವಾರ ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಬಂದು, ಯುದ್ಧ ಗೆದ್ದವರ ಹಾಗೆ ಎರಡೂ ಕೈ ತೋರಿಸಿದರು. ನಾನು ನನ್ನ ಕೈ ತೋರಿಸಿದೆ, ನನ್ನವು ಒಡೆದು ಆಗಲೇ ಒಣಗಿದ್ದವು, ಆಮೇಲೆ ತಮ್ಮವನ್ನು ಜೇಬಿಗೆ ಹಾಕಿಕೊಂಡರು.

ಈಗ ಕಲ್ಲು. ಅಗೆಯುವುದಕ್ಕೆ ಮುಂಚೆ ಟೈಲರ್ ಅಕ್ಕ ಮನೆಮನೆಗೆ ಬಂದು, ಗೋಡೆಯ ಗೆರೆಯಿಂದ ಆಚೆಗೆ, ಓಣಿಯೊಳಗೆ ಯಾರದ್ದು ಏನು ಚಾಚಿಕೊಂಡಿದೆ ಎಂದು ಕೇಳಿದಳು. ಮೆಟ್ಟಿಲು, ಕಟ್ಟೆ, ಬಟ್ಟೆ ಒಗೆಯುವ ಕಲ್ಲು, ನೀರಿನ ತೊಟ್ಟಿ. ಅವಳು ಅಳೆಯಲಿಲ್ಲ, ಅವರವರೇ ಹೇಳಿ ಸಹಿ ಹಾಕಬೇಕು. "ಬೇರೆಯವರು ಅಳೆದರೆ ಜಗಳ, ನಾವೇ ಹೇಳಿದ್ರೆ ಮಾತು" ಎನ್ನುವುದು ಅವಳ ಲೆಕ್ಕ. ಎಲ್ಲರೂ ಹೇಳಿದರು. ಕಂಡಕ್ಟರ್ ಅಣ್ಣ ತನ್ನ ಮನೆ ಮುಂದಿನ ಮೂರೂ ಮೆಟ್ಟಿಲನ್ನು ಬರೆಸಿ, ಮಾರನೇ ದಿನ ತಾನೇ ಒಡೆದು ಹಾಕಿದರು, ಈಗ ಅವರು ಮನೆಯೊಳಗೆ ಹೋಗುವುದು ಬಸ್ಸು ಹತ್ತಿದ ಹಾಗೇ ಇದೆ. ನಮ್ಮ ಬಾಗಿಲಿಗೆ ಬಂದಾಗ ನಾನು ಕಲ್ಲಿನ ಮೇಲೆಯೇ ನಿಂತಿದ್ದೆ. ಮಾವ ಎಲ್ಲಿಂದಲೋ ತಳ್ಳುಗಾಡಿಯಲ್ಲಿ ತಂದು ಹಾಕಿದ ಆ ಕರೀ ಚಪ್ಪಡಿ. ನಾನು ಈ ಮನೆಗೆ ಬಂದ ಮೊದಲ ದಿನ "ನೋಡ್ಕೊಂಡು ಕಾಲಿಡು, ಜಾರುತ್ತೆ" ಎಂದು ನೀವು ನನ್ನೊಡನೆ ಆಡಿದ ಮೊದಲ ಮಾತೇ ಅದರ ವಿಷಯ. ನೀವು ದಿನಾ ಸಂಜೆ ಕೂತು ಯಾರು ಬಂದರು, ಯಾರು ಹೋದರು, ಯಾರ ಮನೆಯ ಹಾಲು ಎಷ್ಟು ತಡವಾಯಿತು ಎಂದು ಇಡೀ ಓಣಿಯ ವರದಿ ತೆಗೆದುಕೊಳ್ಳುತ್ತಿದ್ದ ಜಾಗ ನುಣ್ಣಗೆ ಹೊಳೆಯುತ್ತಿತ್ತು. ಕಲ್ಲನ್ನು ನೋಡಿಕೋ ಎಂದಿದ್ದಿರಿ. ಗೋಡೆಯಿಂದ ಅದು ಒಂದೂವರೆ ಅಡಿ ಓಣಿಯೊಳಗೆ ಇದೆಯೆಂದು ನನಗೆ ಗೊತ್ತಿತ್ತು, ಟೈಲರ್ ಅಕ್ಕನಿಗೂ ಕಾಣುತ್ತಿತ್ತು. ನಾನು "ನಮ್ಮದೇನೂ ಇಲ್ಲ. ಕಲ್ಲು ನಮ್ಮ ಜಾಗದಲ್ಲೇ ಇದೆ" ಎಂದು ಸಹಿ ಹಾಕಿದೆ.

ಯಾರೂ ಬಾಯಿ ಬಿಡಲಿಲ್ಲ ಅತ್ತೆ. ಅದೇ ನನ್ನನ್ನು ಸುಟ್ಟದ್ದು. ಎಲ್ಲರ ಮೆಟ್ಟಿಲು, ಎಲ್ಲರ ಕಟ್ಟೆ ಹೋಯಿತು. ಹದಿನೇಳನೇ ಮನೆಯ ಮುಂದೆ ಬಂದಾಗ ಕಾಲುವೆ ಕಲ್ಲನ್ನು ಬಳಸಿಕೊಂಡು ಎಡಕ್ಕೆ ತಿರುಗಿ ಮತ್ತೆ ಬಲಕ್ಕೆ ತಿರುಗಿತು. ಮೇಸ್ತ್ರಿ ತಲೆ ತಗ್ಗಿಸಿಕೊಂಡು ಎರಡು ತಿರುವಿನ ತುಂಡು ಜೋಡಿಸಿದರು. ತನ್ನ ಗುರುವಿನ ಕಲ್ಲನ್ನು ಅಲ್ಲಾಡಿಸಿ ಎಂದು ಅವರು ಹೇಗೆ ಹೇಳಿಯಾರು? ಈ ಓಣಿಯ ಅರ್ಧ ಗೋಡೆಗಳನ್ನು ಮಾವ ಕಟ್ಟಿದ್ದು, ಎಷ್ಟೋ ಜನಕ್ಕೆ ಬಿಟ್ಟಿಯಾಗಿ. ಆ ಮರ್ಯಾದೆಗೆ ಪೈಪನ್ನೇ ಬಗ್ಗಿಸಿದರು. ಇಂಥ ತಪ್ಪನ್ನು ನಮ್ಮ ಓಣಿಯವರಲ್ಲದೆ ಜಗತ್ತಿನಲ್ಲಿ ಇನ್ನಾರೂ ಮಾಡಲಾರರು. ನಾನು ಮಾತ್ರ ದಿನಾ ಬುಟ್ಟಿ ಹೊರುವಾಗ ಬೇರೆಯವರ ಒಡೆದ ಮೆಟ್ಟಿಲುಗಳನ್ನು ದಾಟಿಕೊಂಡು ಬಂದು, ನಮ್ಮ ಕಲ್ಲಿನ ಮೇಲೆ ಕೂತು ನೀರು ಕುಡಿಯುತ್ತಿದ್ದೆ.

ಪರೀಕ್ಷೆಯ ದಿನ ಗುರುವಾರ. ಇಂಜಿನಿಯರಮ್ಮ ಬಂದು ಮೊದಲೇ ಒಂದು ಬಾಂಬು ಹಾಕಿದಳು. ಮುಂದಿನ ಸೋಮವಾರ ದೊಡ್ಡ ರಸ್ತೆಗೆ ಡಾಂಬರು ಹಾಕುತ್ತಾರೆ, ಹಾಕಿದ ಮೇಲೆ ಮೂರು ವರ್ಷ ಆ ರಸ್ತೆಯನ್ನು ಯಾರೂ ಅಗೆಯುವ ಹಾಗಿಲ್ಲ. ಅಷ್ಟರೊಳಗೆ ಪರೀಕ್ಷೆ ಪಾಸಾದರೆ ಜೋಡಣೆ, ಇಲ್ಲದಿದ್ದರೆ ಮೂರು ವರ್ಷ ಕಾಯಬೇಕು. ನಿಮ್ಮ ವಯಸ್ಸಿಗೆ ಮೂರು ವರ್ಷ ಸೇರಿಸಿ ನೋಡಿದೆ, ನಿಮ್ಮ ಮಂಡಿಗೆ ಮೂರು ವರ್ಷ ಸೇರಿಸಿ ನೋಡಿದೆ. ನೀರು ಎಲ್ಲಿಯದು ಎಂದು ಗುರುತು ಸಿಗಲೆಂದು ಟೈಲರ್ ಅಕ್ಕ ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಹತ್ತು ಬಕೆಟ್ಟಿಗೆ ಕದಡಿದಳು. ಮೇಲಿನ ಮನೆಯಲ್ಲಿ ಸುರಿದರೆ, ಕೆಳಗಿನ ಗುಂಡಿಯಲ್ಲಿ ನೀಲಿ ಕಾಣಬೇಕು. ಕಂಡಕ್ಟರ್ ಅಣ್ಣ ಎರಡು ಸೀಟಿ ಊದಿದರು. ಸುರಿದರು. ನಾವೆಲ್ಲ ಕೆಳಗಿನ ಗುಂಡಿಯ ಸುತ್ತ ಬಗ್ಗಿ ಕಣ್ಣಲ್ಲಿ ಕಣ್ಣಿಟ್ಟು ಕಾದೆವು. ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ. ಗುಂಡಿ ಒಣಗಿದ ಬಾಯಿ ತೆರೆದುಕೊಂಡು ನಮ್ಮನ್ನೇ ನೋಡುತ್ತಿತ್ತು. ಅಷ್ಟರಲ್ಲಿ ಮೇಲಿನಿಂದ ನಮ್ಮ ಮಗಳ ಕೂಗು: "ಅಮ್ಮಾ, ನಮ್ಮ ಅಡಿಗೆಮನೆ ನೀಲಿ ಆಯ್ತು!"

ಓಡಿದೆ. ಹೊಸ ಪೈಪಿಗೆ ಆಗಲೇ ಸೇರಿಸಿದ್ದ ಅಡಿಗೆಮನೆಯ ಮೋರಿಯ ತೂತಿನಿಂದ ನೀಲಿ ನೀರು ಗುಳುಗುಳು ಎಂದು ಎದ್ದು ಬರುತ್ತಿತ್ತು. ನೆಲವೆಲ್ಲ ನೀಲಿ, ಅಕ್ಕಿಯ ಡಬ್ಬಿಯ ತಳ ನೀಲಿ, ನಿಮ್ಮ ಮಗನ ಕಾಲು ನೀಲಿ. ಹತ್ತು ಬಕೆಟ್ಟೂ ಮೂವತ್ತೊಂದು ಮನೆ ಬಿಟ್ಟು ನನ್ನ ಮನೆಯನ್ನೇ ಹುಡುಕಿಕೊಂಡು ಬಂದಿತ್ತು. ಇಂಜಿನಿಯರಮ್ಮ ಬಂದು ನೋಡಿದಳು, ಹೊರಗೆ ಹೋಗಿ ಕಾಲುವೆ ಮುಚ್ಚಿದ ಹಸಿ ಮಣ್ಣಿನ ಗೆರೆ ನೋಡಿದಳು, "ಎರಡು ತಿರುವಲ್ಲಿ ವಾಟ ಸತ್ತುಹೋಗಿದೆ. ನೀರು ಮುಂದೆ ಹೋಗಲ್ಲ. ಇಲ್ಲಿ ಯಾಕೆ ತಿರುಗಿಸಿದ್ರಿ?" ಎಂದು ಕೇಳಿದಳು. ಇಡೀ ಓಣಿ ಅಲ್ಲಿತ್ತು ಅತ್ತೆ. ಒಬ್ಬರೂ ನನ್ನ ಕಡೆ ನೋಡಲಿಲ್ಲ. ಟೈಲರ್ ಅಕ್ಕ ಟೇಪನ್ನು ಸುತ್ತತೊಡಗಿದಳು, ಕಂಡಕ್ಟರ್ ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡರು, ಮೇಸ್ತ್ರಿ "ನನ್ನ ಲೆಕ್ಕ ತಪ್ಪಾಯ್ತಮ್ಮ" ಎಂದರು. ನಲವತ್ತು ವರ್ಷದಲ್ಲಿ ಒಂದು ಗೋಡೆ ಸೊಟ್ಟ ಕಟ್ಟದ ಮನುಷ್ಯ, ನನ್ನ ತಪ್ಪನ್ನು ಹೆಗಲಿಗೆ ಹಾಕಿಕೊಂಡು ಆ ಹುಡುಗಿಯ ಎದುರು ಕೈಕಟ್ಟಿ ನಿಂತರು. ಅಷ್ಟು ಹೊತ್ತು ತಡೆದುಕೊಂಡಿದ್ದೆ, ಇನ್ನು ಆಗಲಿಲ್ಲ. "ಅವರ ತಪ್ಪಲ್ಲ. ಕಲ್ಲು ಓಣೀಲಿದೆ. ನಾನು ಸುಳ್ಳು ಹೇಳಿ ಸಹಿ ಹಾಕಿದೆ" ಎಂದು ಗಟ್ಟಿಯಾಗಿ, ಅಳುತ್ತಾ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಹೇಳಿದ ಮೇಲೆ ತಲೆಯ ಮೇಲಿನ ಬುಟ್ಟಿ ಇಳಿಸಿದ ಹಾಗಾಯಿತು.

ಟೈಲರ್ ಅಕ್ಕ ಏನೆಂದಳು ಗೊತ್ತೇ? "ಅಳೋದನ್ನ ಆಮೇಲೆ ಇಟ್ಕೋ. ಮೂರು ದಿನ ಇದೆ. ಹಾರೆ ಎಲ್ಲಿ?" ಅಷ್ಟೇ. ನಾನೇ ಮೊದಲು ಹಾರೆ ಹಿಡಿದೆ. ಬೇರೆಯವರು ಹಿಡಿದಿದ್ದರೆ ನಿಮಗೆ ಮುಖ ತೋರಿಸಲು ಆಗುತ್ತಿರಲಿಲ್ಲ. ಈಗಲೂ ತೋರಿಸಲು ಆಗುತ್ತದೋ ಇಲ್ಲವೋ ನೀವೇ ಹೇಳಬೇಕು. ನಿಮ್ಮ ಮಗ ಕಲ್ಲಿನ ಇನ್ನೊಂದು ಮೂಲೆಗೆ ಬಂದು ನಿಂತು ಇನ್ನೊಂದು ಹಾರೆ ಹಿಡಿದರು. ಅವರ ಅಪ್ಪ ತಾವೇ ಕೂರಿಸಿದ್ದ ಕಲ್ಲು ಅದು.

ಈಗ ಹೇಳುವುದನ್ನು ನಿಧಾನವಾಗಿ ಓದಿ. ಮಾವನ ಕೆಲಸ ಹೇಗಿತ್ತೆಂದು ನಿಮಗೆ ಗೊತ್ತು. ಅವರು ಕೂರಿಸಿದ ಹೊಸ್ತಿಲನ್ನು ತೆಗೆಯಲು ಆಗುವುದಿಲ್ಲ, ಮನೆಯನ್ನೇ ತೆಗೆಯಬೇಕು ಎಂದು ಎಲ್ಲರೂ ನಗುತ್ತಿದ್ದರಲ್ಲ. ಎರಡು ದಿನವಾದರೂ ಹಿಡಿಯುತ್ತದೆ ಎಂದುಕೊಂಡು ಹಾರೆಯನ್ನು ಸಂದಿಗೆ ತೂರಿಸಿ ಮೀಟಿದೆವು. ಕಲ್ಲು ಎದ್ದು ಬಂತು. ಅಷ್ಟು ಸಲೀಸಾಗಿ ಬಂತೆಂದರೆ ನಿಮ್ಮ ಮಗ ಹಿಂದಕ್ಕೆ ಬಿದ್ದು ಮಣ್ಣಿನ ರಾಶಿಯಲ್ಲಿ ಕೂತರು. ಕೆಳಗೆ ಗಾರೆ ಇಲ್ಲ, ಸಿಮೆಂಟಿಲ್ಲ, ಬರೀ ಮರಳು. ಜರಡಿ ಹಿಡಿದ ಹಾಗೆ ಸಣ್ಣಗಿರುವ, ಮಟ್ಟ ಮಾಡಿ ಹಾಸಿದ ಒಂದು ಗೇಣು ಮರಳು. ಮೇಸ್ತ್ರಿ ಸ್ಟೂಲಿನಿಂದ ಎದ್ದು ಬಂದು, ಮಂಡಿ ಊರಿ, ಆ ಮರಳನ್ನು ಕೈಯಲ್ಲಿ ತೆಗೆದುಕೊಂಡು ಬೆರಳ ಸಂದಿಯಿಂದ ಸುರಿಸಿ ನೋಡಿದರು. ಆಮೇಲೆ, "ಉಳಿಯೋದಕ್ಕೆ ಇಟ್ಟ ಕಲ್ಲನ್ನ ಅವರು ಯಾವತ್ತೂ ಮರಳಿನ ಮೇಲೆ ಇಟ್ಟವರಲ್ಲ. ಒಂದು ದಿನ ಎತ್ತಬೇಕಾಗುತ್ತೆ ಅಂತ ಗೊತ್ತಿದ್ದೇ ಇಟ್ಟಿದ್ದಾರೆ" ಎಂದರು. ನಿಮಗೆ ಹೇಳಿದ್ದರೇ ಅತ್ತೆ? ಹೇಳಿರಲಾರರು, ಅವರು ಹೇಳುವ ಜಾತಿಯವರಲ್ಲ. ಓಣಿ ಎಲ್ಲರದ್ದು, ಕಲ್ಲು ಸ್ವಲ್ಪ ದಿನಕ್ಕೆ ನಮ್ಮದು ಎಂದು ಲೆಕ್ಕ ಹಾಕಿಯೇ ಕೂರಿಸಿದ್ದರು. ಕಲ್ಲಿಗಾಗಿ ನಾನು ಸುಳ್ಳು ಹೇಳಿದೆ, ಓಣಿ ಪೈಪು ಬಗ್ಗಿಸಿತು. ಮಾವ ಒಬ್ಬರೇ ನೆಟ್ಟಗೆ ಯೋಚಿಸಿದ್ದರು. ನಾನು ಆ ಮರಳಿನ ಮೇಲೆ ಕೂತು ಮತ್ತೊಮ್ಮೆ ಅತ್ತುಬಿಟ್ಟೆ, ಈ ಸಲ ಟೈಲರ್ ಅಕ್ಕನೂ ಬೇಡ ಎನ್ನಲಿಲ್ಲ.

ಶುಕ್ರವಾರ, ಶನಿವಾರ ಯಾರೂ ಕೆಲಸಕ್ಕೆ ಹೋಗಲಿಲ್ಲ. ಇಪ್ಪತ್ತು ಅಡಿ ಮತ್ತೆ ಅಗೆದೆವು, ತಿರುವಿನ ತುಂಡುಗಳನ್ನು ಕಿತ್ತೆವು, ನೇರ ಪೈಪು ಇಟ್ಟೆವು. ವಾಟವನ್ನು ಮೇಸ್ತ್ರಿ ಒಂದು ಸಲ, ಟೈಲರ್ ಅಕ್ಕ ಒಂದು ಸಲ, ನಾನು ಎರಡು ಸಲ ನೋಡಿದೆವು. ಭಾನುವಾರ ಬೆಳಿಗ್ಗೆ ಇಂಜಿನಿಯರಮ್ಮ ರಜೆಯ ದಿನವೂ ಬಂದಳು. ಮತ್ತೆ ಹತ್ತು ಬಕೆಟ್ ನೀಲಿ. ಮತ್ತೆ ಎರಡು ಸೀಟಿ. ಈ ಸಲ ನಾನು ಕೆಳಗಿನ ಗುಂಡಿಗೆ ಹೋಗಲಿಲ್ಲ, ಅಡಿಗೆಮನೆಯ ಮೋರಿಯ ಮುಂದೆ, ಕೈಯಲ್ಲಿ ಒರಸುವ ಬಟ್ಟೆ ಹಿಡಿದು ಕೂತೆ. ನಮ್ಮ ನೆಲದಡಿ ಸರ್‍ರೆಂದು ಏನೋ ಹಾದು ಹೋದ ಸದ್ದು ಕೇಳಿಸಿತು. ಮೋರಿ ಒಂದು ಹನಿಯನ್ನೂ ಉಗುಳಲಿಲ್ಲ. ಆಮೇಲೆ ಕೆಳಗಿನಿಂದ ಎದ್ದ ಕೂಗು! ಕಂಡಕ್ಟರ್ ಅಣ್ಣ "ರೈಟ್! ರೈಟ್! ರೈಟ್!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು, ಸೀಟಿ ಊದುವುದನ್ನೇ ಮರೆತಿದ್ದರು. ಮೇಲಿನ ಮನೆಯಿಂದ ಕೆಳಗಿನ ಗುಂಡಿಗೆ ನಲವತ್ತು ಎಣಿಸುವಷ್ಟರಲ್ಲಿ ಬಂತಂತೆ. ಹೆಂಗಸರು ಒಬ್ಬರ ಕೆನ್ನೆಗೆ ಒಬ್ಬರು ನೀಲಿ ಬಳಿದರು. ಟೈಲರ್ ಅಕ್ಕ, ಗಂಡ ಸತ್ತಾಗಲೂ ನಮ್ಮೆದುರು ಅಳದವಳು, ಇಂಜಿನಿಯರಮ್ಮನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಸಂಜೆಯೊಳಗೆ ದೊಡ್ಡ ರಸ್ತೆಯ ಪೈಪಿಗೆ ಜೋಡಣೆ ಆಯಿತು, ಸೋಮವಾರ ಡಾಂಬರು ಬಂತು. ಡಾಂಬರಿನ ಕೆಲಸದವರಿಗೆ ಇಡೀ ಓಣಿ ಚಹಾ ಕೊಟ್ಟಿತು. ಯಾಕೆ ಇಷ್ಟು ಉಪಚಾರ ಎಂದು ಪಾಪ ಅವರಿಗೆ ಅರ್ಥವೇ ಆಗಲಿಲ್ಲ.

ಈಗ ಮೂವತ್ತೆರಡು ಮನೆಯಲ್ಲೂ ಒಳಗೇ ಕಕ್ಕಸು, ಒಳಗೇ ಬಚ್ಚಲು. ಅಗೆದ ಓಣಿಗೆ ನಾವೇ ಕಲ್ಲು ಹಾಸಿದೆವು, ಮಧ್ಯೆ ಕೊಳಚೆ ಹರಿಯುತ್ತಿದ್ದ ಜಾಗದಲ್ಲಿ ಈಗ ಮಕ್ಕಳು ಸೈಕಲ್ಲು ಹೊಡೆಯುತ್ತಾರೆ. ಮೆಟ್ಟಿಲುಗಳು ಹೋದದ್ದರಿಂದ ಎರಡು ಸೈಕಲ್ಲು ಎದುರಾದರೂ ಒಂದು ನಿಲ್ಲಬೇಕಾಗಿಲ್ಲ. ಪಕ್ಕದ ಓಣಿಯವರು ಬಂದು ಟೈಲರ್ ಅಕ್ಕನನ್ನು ಕರೆದುಕೊಂಡು ಹೋಗಿದ್ದಾರೆ, ಅವಳು ನನ್ನನ್ನು ಎಳೆದುಕೊಂಡು ಹೋದಳು. ನನ್ನ ಕೆಲಸ ಏನೆಂದರೆ, ಮನೆಮನೆಗೆ ಹೋಗಿ "ನಿಜ ಹೇಳಿ, ಇಲ್ಲದಿದ್ದರೆ ಅಡಿಗೆಮನೆ ನೀಲಿ ಆಗುತ್ತೆ" ಎಂದು ಹೆದರಿಸುವುದು. ಅನುಭವಸ್ಥಳ ಮಾತೆಂದು ಎಲ್ಲರೂ ಕೇಳುತ್ತಾರೆ. ಕಲ್ಲು ಎಲ್ಲಿ ಹೋಯಿತೆಂದು ನಿಮ್ಮ ಜೀವ ಹೊಡೆದುಕೊಳ್ಳುತ್ತಿರಬಹುದು. ಒಂದು ಚೂರೂ ಒಡೆದಿಲ್ಲ. ಬಾಗಿಲ ಪಕ್ಕ, ಗೋಡೆಯ ಗೆರೆಯಿಂದ ಒಳಗೆ, ಮೊದಲು ಸೌದೆ ಪೇರಿಸುತ್ತಿದ್ದ ಗೂಡಿನಲ್ಲಿ ಮೇಸ್ತ್ರಿಯೇ ಕೂರಿಸಿದ್ದಾರೆ. ಕೂತರೆ ಓಣಿಯ ಎರಡೂ ತುದಿ ಕಾಣುತ್ತದೆ, ನಾನು ಕೂತು ಪರೀಕ್ಷೆ ಮಾಡಿದ್ದೇನೆ. ಗಾರೆ ಹಾಕಲೇ ಎಂದು ಮೇಸ್ತ್ರಿ ಕೇಳಿದರು. ಬೇಡ, ಮರಳಿನ ಮೇಲೆಯೇ ಇರಲಿ ಎಂದೆ.

ನಮ್ಮ ಕಕ್ಕಸನ್ನು ನಿಮ್ಮ ಮಂಚ ಇರುವ ಕೋಣೆಗೆ ಒತ್ತಿಕೊಂಡೇ ಕಟ್ಟಿದ್ದೇವೆ. ಮಂಚದಿಂದ ಬಾಗಿಲಿಗೆ ಏಳು ಹೆಜ್ಜೆ, ನಿಮ್ಮ ಹೆಜ್ಜೆ, ನನ್ನದಲ್ಲ. ಮಧ್ಯೆ ಹೊಸ್ತಿಲಿಲ್ಲ, ಮೆಟ್ಟಿಲಿಲ್ಲ. ಕುಕ್ಕರುಗಾಲಿನಲ್ಲಿ ಕೂರುವುದಲ್ಲ, ಕುರ್ಚಿಯ ಹಾಗೆ ಕೂರುವುದು. ಗೋಡೆಗೆ ಹಿಡಿಕೆ ಹಾಕಿದೆ, ನಿಮ್ಮ ಮಗನೇ ಹಾಕಿದ್ದು, ನಾನು ಜೋತುಬಿದ್ದು ನೋಡಿದೆ, ಅಲ್ಲಾಡಲಿಲ್ಲ. ಹಿಡಿಕೆಯ ಎತ್ತರ ನಿಮ್ಮ ಕೈಗೆ ಸರಿಯಾಗಿದೆ. ಹೇಗೆ ಗೊತ್ತು ಎನ್ನುತ್ತೀರಾ? ಹೋದ ತಿಂಗಳು ನಾದಿನಿ ನಿಮಗೆ ಸ್ವೆಟರ್ ಹೆಣೆಯುತ್ತೇನೆಂದು ಟೇಪು ಹಿಡಿದು ಅಳತೆ ತೆಗೆದುಕೊಂಡಳಲ್ಲ. ಸ್ವೆಟರಿಗೆ ನೆಲದಿಂದ ಮೊಣಕೈವರೆಗಿನ ಅಳತೆ ಯಾಕೆ ಎಂದು ನಿಮಗೆ ಅನುಮಾನವೇ ಬರಲಿಲ್ಲವೇ? ಓಣಿಯ ಎಲ್ಲರ ಗುಟ್ಟನ್ನೂ ಕಂಡುಹಿಡಿಯುವ ನೀವು ಅಷ್ಟು ಸುಲಭವಾಗಿ ಮೋಸಹೋದಿರಲ್ಲ ಎಂದು ನಾವಿಬ್ಬರೂ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು. ಸ್ವೆಟರ್ ಬರುವುದಿಲ್ಲ, ಕಾಯಬೇಡಿ.

ಬನ್ನಿ ಎಂದು ನಾನು ಬರೆಯುವುದಿಲ್ಲ. ಕರೆದಾಗೆಲ್ಲ ಗಾಳಿ ಜಾಸ್ತಿಯಾಗುತ್ತದೆ. ಕಲ್ಲು ಎತ್ತಿದ್ದಕ್ಕೆ ಎಷ್ಟು ಬೈಯಬೇಕೋ ಬೈಯಿರಿ, ಆ ಬೆಳಗಿನ ಹಾಲಿಗೂ ಸೇರಿಸಿ ಬೈಯಿರಿ, ಕೇಳಲು ಕಾದಿದ್ದೇನೆ. ನೀವಿಲ್ಲದ ಈ ಮನೆಯಲ್ಲಿ ನನ್ನ ಅಡಿಗೆಗೆ ಉಪ್ಪು ಕಡಿಮೆ ಎನ್ನುವವರಿಲ್ಲ, ಹಾಗಾಗಿ ಎಷ್ಟು ಹಾಕಬೇಕೆಂದೇ ನನಗೆ ಮರೆತುಹೋಗಿದೆ. ನಾದಿನಿಗೂ ಅವಳ ಯಜಮಾನರಿಗೂ ನಮ್ಮ ನಮಸ್ಕಾರ ತಿಳಿಸಿ, ಮಕ್ಕಳಿಗೆ ಮುದ್ದು ಕೊಡಿ. ಮೇಸ್ತ್ರಿ, ಟೈಲರ್ ಅಕ್ಕ, ಕಂಡಕ್ಟರ್ ಅಣ್ಣ ಮೂವರೂ ನಿಮ್ಮನ್ನು ಕೇಳಿದ್ದಾರೆಂದು ಬರೆಯಲು ಹೇಳಿದ್ದಾರೆ. ನಿಮ್ಮ ಮಗ ಪಕ್ಕದಲ್ಲೇ ಕೂತು, ಬರೆದದ್ದನ್ನೆಲ್ಲ ಇಣುಕಿ ಓದುತ್ತಾ, ತಾವು ಮಣ್ಣಿನ ರಾಶಿಗೆ ಬಿದ್ದದ್ದನ್ನು ಯಾಕೆ ಬರೆದೆ ಎಂದು ಗೊಣಗುತ್ತಿದ್ದಾರೆ.

ಇಂತಿ ನಿಮ್ಮ ಪಾದಕ್ಕೆ ನಮಸ್ಕರಿಸುವ,
ಬಾಯಿಬಡುಕಿ ಸೊಸೆ

ಮರೆತಿದ್ದೆ, ಅಂಚೆಗೆ ಹಾಕಲು ಇವರು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ನಮ್ಮ ಕಕ್ಕಸು ಮುಗಿದು ಇಂದಿಗೆ ಹನ್ನೊಂದು ದಿನ. ಬೀಗ ಹಾಕಿದ್ದೇನೆ. ಮೊದಲು ನೀವು, ಆಮೇಲೆ ನಾವು ಎಂದು ಎಲ್ಲರೂ ಸೇರಿ ನಿರ್ಧರಿಸಿದ್ದೇವೆ. ಮೂವತ್ತೊಂದು ಮನೆಯವರು ಹಾಯಾಗಿ ತಮ್ಮ ಮನೆಯಲ್ಲೇ ಹೋಗುತ್ತಿದ್ದಾರೆ, ನಾವು ನಾಲ್ಕು ಜನ ಮಾತ್ರ ಈಗಲೂ ಚೊಂಬು ಹಿಡಿದು ಕೆಳತುದಿಯ ಹಳೆಯದಕ್ಕೆ. ಬರುವ ಭಾನುವಾರ ಸಂಜೆ ಅದನ್ನೂ ಕೆಡವುತ್ತಾರೆ. ಶನಿವಾರ ಬೆಳಗಿನ ಬಸ್ಸಿಗೆ ನಿಮ್ಮ ಮಗ ಅಲ್ಲಿಗೆ ಬರುತ್ತಾರೆ. ಬೀಗದ ಕೈ ಈ ಲಕೋಟೆಯಲ್ಲೇ ಇದೆ, ಇನ್ನೊಂದು ಕೈ ಇಲ್ಲ. ಮೊಮ್ಮಗ ಈಗಲೇ ಹೊಟ್ಟೆ ಹಿಡಿದುಕೊಂಡು ಓಡಾಡುತ್ತಿದ್ದಾನೆ ಅತ್ತೆ, ಬೇಗ ಬನ್ನಿ.